ಜಿಲೆಟಿನ್: ಶ್ರಾವಕರು ಅರಿತಿರಬೇಕಾದ ಒಂದು ಅಂಟು



ಜಗಳೂರಿನ ಒಂದು ಶ್ರಾವಕರ ಮನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಮನೆಯ ಅಜ್ಜಿ ನಲವತ್ತು ವರ್ಷಗಳಿಂದ ಅಷ್ಟಮಿ ಚತುರ್ದಶಿಗಳಂದು ಏಕಭುಕ್ತ ನಡೆಸಿಕೊಂಡು ಬಂದವರು, ರಾತ್ರಿಭೋಜನವನ್ನು ತ್ಯಜಿಸಿದವರು, ಸೋಸದ ನೀರನ್ನು ಬಾಯಿಗೆ ಬಿಟ್ಟವರಲ್ಲ. ಮಂಡಿನೋವಿಗೆಂದು ವೈದ್ಯರು ವಾರಕ್ಕೊಂದರಂತೆ ನುಂಗಲು ಹೊಳೆಯುವ ಮೃದುವಾದ ಗುಳಿಗೆಗಳನ್ನು ಬರೆದುಕೊಟ್ಟಿದ್ದಾರೆ. ಕಾಲೇಜಿನಲ್ಲಿ ಓದುವ ಮೊಮ್ಮಗನು ಒಂದು ದಿನ ಪೊಟ್ಟಣದ ಮೇಲಿನ ಸಣ್ಣಕ್ಷರಗಳನ್ನು ಓದಿ, "ಅಜ್ಜೀ, ಇದರ ಹೊರಕವಚ ಜಿಲೆಟಿನ್ನಿನದು. ಜಿಲೆಟಿನ್ ಅಂದರೆ ದನದ ಚರ್ಮ, ಎಲುಬುಗಳನ್ನು ಬೇಯಿಸಿ ತೆಗೆದ ಅಂಟು" ಎನ್ನುತ್ತಾನೆ. ಅಜ್ಜಿ ಬಹಳ ಹೊತ್ತು ಮಾತನಾಡುವುದಿಲ್ಲ. ಆಮೇಲೆ ಕೇಳುತ್ತಾರೆ: "ಹಾಗಾದರೆ ಇಷ್ಟು ವರ್ಷದ ನನ್ನ ವ್ರತ ಕೆಟ್ಟಿತೇನಪ್ಪಾ?"

ಈ ಪ್ರಶ್ನೆ ಇಂದು ನಮ್ಮ ಯಾವ ಮನೆಯಲ್ಲಿಯಾದರೂ ಏಳಬಹುದಾದದ್ದು. ಇದಕ್ಕೆ ಉತ್ತರ ಕೊಡುವ ಮೊದಲು ಜಿಲೆಟಿನ್ ಎಂಬ ವಸ್ತುವಿನ ಸ್ವರೂಪವನ್ನು, ಅದು ಆಹಾರದಲ್ಲಿಯೂ ಕಲೆಯಲ್ಲಿಯೂ ಪಡೆದಿರುವ ವಿಚಿತ್ರ ರೂಪಗಳನ್ನು ತಿಳಿಯುವುದು ಅವಶ್ಯ. ಅರಿಯದೆ ಮಾಡಿದ ತ್ಯಾಗವು ನಿಲ್ಲುವುದಿಲ್ಲ.

೧. ವಸ್ತುವಿನ ಸ್ವರೂಪ

ಪ್ರಾಣಿಗಳ ಚರ್ಮ, ಎಲುಬು, ಸ್ನಾಯುಬಂಧಗಳಲ್ಲಿ ಕೊಲಾಜೆನ್ ಎಂಬ ಸಸಾರಜನಕ ವಸ್ತುವಿರುತ್ತದೆ. ಹಗ್ಗದ ಮೂರು ಎಳೆಗಳನ್ನು ಹೊಸೆದಂತೆ ಅದರ ರಚನೆ. ಎಲುಬುಗಳನ್ನು ಆಮ್ಲದಲ್ಲಿ ನೆನೆಸಿ ಅವುಗಳಲ್ಲಿನ ಸುಣ್ಣದಂಶವನ್ನು ತೆಗೆದು, ಅಥವಾ ಚರ್ಮಗಳನ್ನು ಆಮ್ಲದಲ್ಲಿಯೋ ಸುಣ್ಣದ ನೀರಿನಲ್ಲಿಯೋ ಇಟ್ಟು, ಅನಂತರ ಬಿಸಿನೀರಿನಲ್ಲಿ ಕಾಯಿಸಿದಾಗ ಆ ಹೊಸೆದ ಎಳೆಗಳು ಬಿಚ್ಚಿಕೊಂಡು ನೀರಿನಲ್ಲಿ ಕರಗುತ್ತವೆ. ಆ ನೀರನ್ನು ಸೋಸಿ, ಇಂಗಿಸಿ, ಒಣಗಿಸಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ, ಗಾಜಿನ ಚೂರಿನಂತಹ ಹಾಳೆ ಅಥವಾ ಪುಡಿ ದೊರೆಯುತ್ತದೆ. ಅದೇ ಜಿಲೆಟಿನ್. ದನ, ಎಮ್ಮೆ, ಹಂದಿ, ಮೀನು ಇವು ಅದರ ಮೂಲಗಳು. ಸಸ್ಯಗಳಲ್ಲಿ ಕೊಲಾಜೆನ್ ಇಲ್ಲ; ಆದುದರಿಂದ ಸಸ್ಯದಿಂದ ತೆಗೆದ ಜಿಲೆಟಿನ್ ಎಂಬುದಿಲ್ಲ. 'ಸಸ್ಯ ಜಿಲೆಟಿನ್' ಎಂದು ಮಾರುವ ವಸ್ತು ಬೇರೊಂದು ಅಂಟಾಗಿರುತ್ತದೆ.

ಬಿಸಿನೀರಿನಲ್ಲಿ ಕರಗಿಸಿದ ಜಿಲೆಟಿನ್ ತಣ್ಣಗಾದಾಗ ಅದರ ಎಳೆಗಳು ಮತ್ತೆ ಬಲೆಯಂತೆ ಹೆಣೆದುಕೊಂಡು ನೀರನ್ನು ತಮ್ಮೊಳಗೆ ಹಿಡಿದುಕೊಳ್ಳುತ್ತವೆ. ನೂರು ಭಾಗ ನೀರಿಗೆ ಎರಡು ಭಾಗ ಜಿಲೆಟಿನ್ ಇದ್ದರೂ ಮೆತ್ತನೆಯ ಗಟ್ಟಿಯಾಗುತ್ತದೆ. ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಮತ್ತೆ ಕರಗುತ್ತದೆ. ನಮ್ಮ ಬಾಯಿಯ ಶಾಖವೂ ಹೆಚ್ಚುಕಡಿಮೆ ಅಷ್ಟೇ. ನಾಲಿಗೆಯ ಮೇಲಿಟ್ಟೊಡನೆ ಕರಗುವ ಈ ಗುಣಕ್ಕಾಗಿಯೇ ಮಿಠಾಯಿ ಮಾಡುವವರು ಇದನ್ನು ಬಿಡಲೊಲ್ಲರು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಕಲ್ಲುಗಣಿಗಳಲ್ಲಿ ಬಂಡೆ ಸಿಡಿಸುವ 'ಜಿಲೆಟಿನ್ ಕಡ್ಡಿ' ಎಂಬ ಮಾತು ನಮಗೆಲ್ಲ ಪರಿಚಿತ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸ್ಫೋಟಗಳಾಗಿ ಜೀವಹಾನಿಯಾದಾಗ ಆ ಹೆಸರು ಮನೆಮನೆಯಲ್ಲಿ ಕೇಳಿತು. ಅದು 1875ರಲ್ಲಿ ಆಲ್ಫ್ರೆಡ್ ನೊಬೆಲ್ ಕಂಡುಹಿಡಿದ ಸ್ಫೋಟಕದ ಸಂತತಿ. ಸಿಡಿಮದ್ದಿನ ದ್ರವವನ್ನು ಹತ್ತಿಯ ನಾರಿನಿಂದಾದ ವಸ್ತುವಿನಲ್ಲಿ ಗಟ್ಟಿಗೊಳಿಸಿದಾಗ ಜಿಲೆಟಿನ್ನಿನಂತೆ ಕಂಡಿತೆಂದು ಆ ಹೆಸರು ಬಂತು. ಎರಡಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ.

೨. ಅಡುಗೆಯಲ್ಲಿ ಅದರ ವೇಷಗಳು

ನಡುಗುವ ಬಣ್ಣದ ಜೆಲ್ಲಿ, ಕರಡಿಯಾಕಾರದ ಅಗಿಯುವ ಮಿಠಾಯಿ, ಹತ್ತಿಯಂತೆ ಉಬ್ಬಿದ ಮಾರ್ಷ್‌ಮ್ಯಾಲೋ, ಬೇಯಿಸದೆ ಗಟ್ಟಿಗೊಳಿಸುವ ಚೀಸ್ ಕೇಕ್, ಕೆಲವು ಬಗೆಯ ಮೊಸರು ಮತ್ತು ಐಸ್‌ಕ್ರೀಮ್‌ಗಳು ಇವು ಪ್ರಸಿದ್ಧವಾದವು. ಇವುಗಳಿಗಿಂತ ಅಚ್ಚರಿಯವೂ ಇವೆ. ಮೆಕ್ಸಿಕೊ ದೇಶದಲ್ಲಿ ಬಹು ಪ್ರಸಿದ್ಧವಾದ ಒಂದು ಕಲೆಯಲ್ಲಿ, ಗಾಜಿನಂತೆ ತಿಳಿಯಾದ ಜೆಲ್ಲಿಯ ಗಟ್ಟಿಯೊಳಕ್ಕೆ ಸೂಜಿಯ ಮೂಲಕ ಬಣ್ಣದ ಹಾಲಿನ ಜೆಲ್ಲಿಯನ್ನು ತುಂಬಿ, ದಳದಳವಾಗಿ ಗುಲಾಬಿ, ಡೇಲಿಯಾ ಹೂಗಳನ್ನು ಅರಳಿಸುತ್ತಾರೆ. ಕೇಕ್ ಅಲಂಕರಿಸುವವರು ಜಿಲೆಟಿನ್ ದ್ರವದಲ್ಲಿ ಸಣ್ಣ ಬಲೂನನ್ನು ಅದ್ದಿ ಒಣಗಿಸಿ, ಬಲೂನನ್ನು ತೆಗೆದು, ತಿನ್ನಬಹುದಾದ ಗಾಜಿನ ಗುಳ್ಳೆಯನ್ನು ಮಾಡುತ್ತಾರೆ. ತೆಳುವಾಗಿ ಹರಡಿ ಚಿಟ್ಟೆಯ ರೆಕ್ಕೆಯನ್ನು ಮಾಡುತ್ತಾರೆ. ಕಣ್ಣಿಗೆ ಕಾಣದ ಉಪಯೋಗವೂ ಒಂದಿದೆ: ಕೆಲವು ಹಣ್ಣಿನ ರಸಗಳನ್ನು ತಿಳಿಗೊಳಿಸಲು ಜಿಲೆಟಿನ್ ಬೆರೆಸಿ, ಕಲ್ಮಷವು ಅದರೊಡನೆ ತಳಕ್ಕಿಳಿದ ಮೇಲೆ ಸೋಸಿಬಿಡುತ್ತಾರೆ.

ಇಂತಹ ಕೌಶಲವನ್ನು ಕಂಡು ಮೆಚ್ಚುವುದರಲ್ಲಿ ದೋಷವಿಲ್ಲ. ಆದರೆ ಮಗುವಿನ ಹುಟ್ಟುಹಬ್ಬಕ್ಕೆ ದಾವಣಗೆರೆಯಿಂದ ಚಿಟ್ಟೆಯ ಕೇಕ್ ತರಿಸುವಾಗ, 'ಮೊಟ್ಟೆಯಿಲ್ಲದ್ದು' ಎಂಬ ಒಂದೇ ಮಾತಿನಿಂದ ತೃಪ್ತರಾಗುವುದು ನಮ್ಮಲ್ಲಿ ರೂಢಿಯಾಗಿದೆ. ಮೊಟ್ಟೆಯಿಲ್ಲದ ಕೇಕಿನ ಮೇಲೆ ಜಿಲೆಟಿನ್ನಿನ ಅಲಂಕಾರವಿರಬಹುದು. "ಮೊಟ್ಟೆ ಇದೆಯೇ?" ಎಂದು ಕೇಳುವ ನಾಲಿಗೆ "ಇದರ ಅಲಂಕಾರ ಯಾವುದರದು?" ಎಂದು ಕೇಳುವುದನ್ನೂ ಕಲಿಯಬೇಕು.

೩. ಔಷಧದಲ್ಲಿ

ಕಹಿಯಾದ ಔಷಧವನ್ನು ಜಿಲೆಟಿನ್ ಕವಚದಲ್ಲಿ ಮುಚ್ಚಿ ನುಂಗಿಸುವ ಉಪಾಯಕ್ಕೆ 1834ರಲ್ಲಿ ಪ್ಯಾರಿಸ್ಸಿನಲ್ಲಿ ಮೋಥ್ ಮತ್ತು ಡುಬ್ಲಾಂಕ್ ಎಂಬವರು ಸನ್ನದು ಪಡೆದರು. ಇಂದು ಎರಡು ಹೋಳುಗಳ ಗಟ್ಟಿ ಕವಚಗಳೂ, ಎಣ್ಣೆಯಂತಹ ಔಷಧವನ್ನು ತುಂಬಿದ ಮೃದು ಕವಚಗಳೂ ಬಹುಪಾಲು ಜಿಲೆಟಿನ್ನಿನವೇ. ಸಸ್ಯನಾರಿನಿಂದ ತಯಾರಿಸಿದ ಸೆಲ್ಯುಲೋಸ್ ಕವಚಗಳೂ ಮಾರುಕಟ್ಟೆಗೆ ಬಂದಿವೆ. ಆಹಾರದ ಪೊಟ್ಟಣಗಳ ಮೇಲೆ ಕಡ್ಡಾಯವಾಗಿರುವ ಹಸಿರು ಗುರುತಿನ ನಿಯಮವು ಔಷಧಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಔಷಧದ ವಿಷಯದಲ್ಲಿ ಗುರುತನ್ನು ನಂಬಿ ಕುಳಿತುಕೊಳ್ಳುವಂತಿಲ್ಲ, ಕೇಳಿಯೇ ತಿಳಿಯಬೇಕು.

೪. ಕಲೆಯಲ್ಲಿ

ಚಿತ್ರಕಲೆಯಲ್ಲಿ ಚರ್ಮದಂಟು ಹೊಸದಲ್ಲ. ಬಡಗಿಗಳ ಸರೇಸು ಇದರ ಒರಟು ರೂಪವೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ, ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಂತೆ ಮೆತ್ತಗಾಗುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳನ್ನಾಗಿ ಮಾಡಿ ಒಣಗಿಸಿಟ್ಟು, ಬೇಕಾದಾಗ ಕರಗಿಸಿ ಭಿತ್ತಿಚಿತ್ರಕ್ಕೆ ಬಳಸುವ 'ವಜ್ರಲೇಪ'ದ ವಿಧಾನವಿದೆ. ಆದರೆ ಅದಕ್ಕಿಂತ ಆರು ಶತಮಾನಗಳ ಹಿಂದಿನ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ವಜ್ರಲೇಪದ ಮೊದಲ ಪಾಕವು ಸಸ್ಯಗಳದು: ತೂಬರೆ ಮತ್ತು ಬೇಲದ ಎಳೆಗಾಯಿಗಳು, ಬೂರುಗದ ಹೂ ಮುಂತಾದವುಗಳ ಕಷಾಯವನ್ನು ಎಂಟರಲ್ಲೊಂದು ಭಾಗಕ್ಕಿಳಿಸಿ, ಗುಗ್ಗುಳ ಮೊದಲಾದ ಮರದ ಅಂಟುಗಳನ್ನು ಸೇರಿಸುವುದು. ಕೊಂಬು ಚರ್ಮಗಳ ಪಾಕವೂ ಅಲ್ಲಿಯೇ ಮುಂದೆ ಬರುತ್ತದೆ. ಅಂದರೆ ಎರಡು ದಾರಿಗಳೂ ಆ ಕಾಲದಿಂದಲೂ ಶಿಲ್ಪಿಯ ಮುಂದಿದ್ದವು. ಮೈಸೂರು ಸಂಪ್ರದಾಯದ ಚಿತ್ರಗಾರರು ಚಿನ್ನದ ರೇಕು ಅಂಟಿಸಲು ಉಬ್ಬು ಕೆಲಸಕ್ಕೆ ಬಳಸಿದ್ದು ಮರದ ಗೋಂದನ್ನು. ಕೊಪ್ಪಳ ಸೀಮೆಯ ಕಿನ್ನಾಳದ ಗೊಂಬೆಯವರು ಹುಣಸೆಬೀಜದ ಸರಿಯನ್ನು ಬಳಸುತ್ತ ಬಂದಿದ್ದಾರೆ. ಹಿಂಸೆಯಿಲ್ಲದೆ ಕಲೆ ನಿಲ್ಲದು ಎಂಬ ಮಾತಿಗೆ ಇವೇ ಉತ್ತರ.

ಜಿಲೆಟಿನ್ ಕಲೆಯಲ್ಲಿ ಪಡೆದ ಅತ್ಯಂತ ದೊಡ್ಡ ಸ್ಥಾನ ಛಾಯಾಚಿತ್ರದ್ದು. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಲವಣವನ್ನು ಜಿಲೆಟಿನ್ನಿನಲ್ಲಿ ಬೆರೆಸಿ ಗಾಜಿನ ಮೇಲೆ ಹಚ್ಚುವ ವಿಧಾನವನ್ನು ಪ್ರಕಟಿಸಿದನು. ಅಲ್ಲಿಂದ ಮುಂದೆ ಫಿಲ್ಮ್, ಛಾಯಾಚಿತ್ರದ ಕಾಗದ, ಸಿನಿಮಾ ರೀಲು, ಎಕ್ಸ್‌ರೇ ಹಾಳೆ ಎಲ್ಲಕ್ಕೂ ಜಿಲೆಟಿನ್ನೇ ಆಧಾರವಾಯಿತು. 1920ರ ದಶಕದಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ವಿಜ್ಞಾನಿ ಶೆಪರ್ಡ್, ಕೆಲವು ಜಿಲೆಟಿನ್ ಹೆಚ್ಚು ಚುರುಕಾಗಿ ಚಿತ್ರ ಹಿಡಿಯುವುದಕ್ಕೆ ಅದರಲ್ಲಿನ ಗಂಧಕದ ಅಂಶವೇ ಕಾರಣವೆಂದು ಕಂಡನು. ಆ ಅಂಶ ಬಂದದ್ದು ದನಗಳು ಮೇಯ್ದ ಸಾಸಿವೆ ಜಾತಿಯ ಗಿಡಗಳಿಂದ. ದನವು ಸತ್ತು, ಅದರ ಚರ್ಮವು ಬೆಂದು, ಸೋಸಿ, ಹಾಳೆಯಾದ ಮೇಲೆಯೂ ಅದು ಮೇಯ್ದ ಮೇವಿನ ಗುರುತು ಅಳಿದಿರಲಿಲ್ಲ! "ಶುದ್ಧಗೊಳಿಸಿದ ಮೇಲೆ ಅದರಲ್ಲಿ ಪ್ರಾಣಿಯದೇನು ಉಳಿಯುತ್ತದೆ?" ಎಂದು ಕೇಳುವವರು ಇದನ್ನು ಸ್ವಲ್ಪ ಚಿಂತಿಸಬೇಕು.

ಈಗ ನಮ್ಮ ದೇವರಮನೆಯತ್ತ ನೋಡೋಣ. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವಹಿಸಿದ ಆಚಾರ್ಯ ಶಾಂತಿಸಾಗರ ಮಹಾರಾಜರ ಕಪ್ಪು ಬಿಳುಪಿನ ಭಾವಚಿತ್ರ, 1967ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಛಾಯಾಚಿತ್ರ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿವೆ. ಸ್ಟುಡಿಯೋದಲ್ಲಿ ತೊಳೆದು ತೆಗೆದ ಅಂತಹ ಪ್ರತಿಗಳಲ್ಲಿ ಜಿಲೆಟಿನ್ನಿನ ಪೊರೆಯಿದೆ. ಹಾಗೆಂದು ಅವನ್ನು ಕಿತ್ತೆಸೆಯಬೇಕೆಂದು ಯಾರೂ ಭಾವಿಸಬೇಕಾಗಿಲ್ಲ. ತೆಗೆದವರಿಗೂ ತಂದವರಿಗೂ ಅದರ ಅರಿವಿರಲಿಲ್ಲ. ಪೂಜ್ಯರ ಮೇಲಿನ ಭಕ್ತಿಯೇ ಅವರಲ್ಲಿತ್ತು. ಆದರೆ ಇನ್ನು ಮುಂದೆ ಹೊಸ ಚಿತ್ರ ಮಾಡಿಸುವಾಗ ಸಾಮಾನ್ಯ ಕಾಗದದ ಮೇಲೆ ಶಾಯಿಯಿಂದ ಮುದ್ರಿಸಿದ್ದನ್ನು ಆರಿಸಿಕೊಳ್ಳುವ ಅನುಕೂಲ ನಮಗಿದೆ.

ಮಕ್ಕಳ ಶಾಲೆಯ ಕೆಲಸದಲ್ಲಿ ಜಿಲೆಟಿನ್ ಗಟ್ಟಿಯ ಮೇಲೆ ಬಣ್ಣ ಬಳಿದು, ಎಲೆಗಳನ್ನಿಟ್ಟು, ಕಾಗದವನ್ನೊತ್ತಿ ಅಚ್ಚು ತೆಗೆಯುವ ಒಂದು ಕಲೆ ಈಚೆಗೆ ಬಂದಿದೆ. ನಯವಾದ ಗಾಜಿನ ತುಂಡಿನ ಮೇಲೆಯೂ ಅದೇ ರೀತಿ ಅಚ್ಚು ತೆಗೆಯಬಹುದು. ಗಾಜಿನ ಅಂಚಿಗೆ ಮಾತ್ರ ಬಟ್ಟೆಯ ಪಟ್ಟಿ ಸುತ್ತಿಕೊಡಬೇಕು.

೫. ಶಾಸ್ತ್ರದೃಷ್ಟಿ

ಜಿಲೆಟಿನ್ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ವಾದಗಳು ಎರಡು.

ಮೊದಲನೆಯದು: "ಯಾರೂ ಜಿಲೆಟಿನ್ನಿಗಾಗಿ ಪ್ರಾಣಿಯನ್ನು ಕೊಲ್ಲುವುದಿಲ್ಲ, ಬಿಸಾಡುವ ಎಲುಬಿನಿಂದ ಮಾಡುತ್ತಾರೆ." ಈ ವಾದಕ್ಕೆ ಸಾವಿರ ವರ್ಷಗಳ ಹಿಂದೆಯೇ ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಉತ್ತರ ನೀಡಿದ್ದಾರೆ. ತಾನಾಗಿಯೇ ಸತ್ತ ಎಮ್ಮೆ, ಎತ್ತುಗಳ ಮಾಂಸದಲ್ಲಿಯೂ ಅದನ್ನಾಶ್ರಯಿಸಿದ ನಿಗೋದ ಜೀವಿಗಳ ಹಿಂಸೆಯುಂಟೆಂದೂ, ಅದು ಹಸಿಯಾಗಿರಲಿ, ಬೆಂದಿರಲಿ, ಬೇಯುತ್ತಿರಲಿ ದೋಷ ತಪ್ಪದೆಂದೂ ಅವರು ಹೇಳುತ್ತಾರೆ. ಇದಲ್ಲದೆ ಎಲುಬು ಚರ್ಮಗಳಿಗೆ ಬೆಲೆ ಬರುವುದರಿಂದ ಕಸಾಯಿಖಾನೆಯ ಲಾಭ ಹೆಚ್ಚುತ್ತದೆ. ಕೊಳ್ಳುವವನು ತನ್ನ ಕೈಯಿಂದ ಕೊಲ್ಲದಿದ್ದರೂ, ಕೃತ ಕಾರಿತ ಅನುಮೋದನೆಗಳೆಂಬ ಮೂರರಲ್ಲಿ ಕೊನೆಯದು ಅವನನ್ನು ಬಿಡುವುದಿಲ್ಲ.

ಎರಡನೆಯದು: "ಮಾಂಸವಲ್ಲವಲ್ಲ, ಚರ್ಮದ ಸಾರ ಮಾತ್ರ." 13ನೆಯ ಶತಮಾನದ ಪಂಡಿತ ಆಶಾಧರರು 'ಸಾಗಾರಧರ್ಮಾಮೃತ'ದಲ್ಲಿ ಚರ್ಮದ ಪಾತ್ರೆಯಲ್ಲಿಟ್ಟ ನೀರು, ತುಪ್ಪ ಎಣ್ಣೆಗಳು, ಇಂಗು ಇವುಗಳ ಸೇವನೆಯನ್ನು ಮಾಂಸತ್ಯಾಗವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಚರ್ಮವು ಸೋಕಿದ ಎಣ್ಣೆಯೇ ವರ್ಜ್ಯವಾದರೆ, ಚರ್ಮವನ್ನೇ ಕರಗಿಸಿ ಮಾಡಿದ ವಸ್ತುವಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯೆಲ್ಲಿ? ಅಷ್ಟಮೂಲಗುಣಗಳಲ್ಲಿ ಮಾಂಸತ್ಯಾಗವು ಶ್ರಾವಕನ ಮೊದಲ ಮೆಟ್ಟಿಲು. ಆದುದರಿಂದ ಇದು ಪರ್ವದಿನಗಳ ನಿಯಮ ಮಾತ್ರವಲ್ಲ, ನಿತ್ಯದ ನಿಯಮ.

ತಿನ್ನುವುದಕ್ಕೂ ಬಳಸುವುದಕ್ಕೂ ಭೇದವಿದೆ. ಛಾಯಾಚಿತ್ರವನ್ನು ನೋಡುವುದು, ಚಿಕಿತ್ಸೆಗಾಗಿ ಎಕ್ಸ್‌ರೇ ತೆಗೆಸುವುದು ಭಕ್ಷಣವಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಮನೆಯವರನ್ನು ಕಂಗೆಡಿಸುವುದು ವಿವೇಕವಲ್ಲ.

೬. ಬದಲಿ ವಸ್ತುಗಳು, ಅವುಗಳಲ್ಲಿಯೂ ವಿವೇಕ

ಜಿಲೆಟಿನ್ನಿಗೆ ಬದಲಾಗಿ ಎಲ್ಲರೂ ಮೊದಲು ಹೇಳುವುದು ಅಗರ್, ಅಂಗಡಿಗಳಲ್ಲಿ ದೊರೆಯುವ ಚೈನಾ ಗ್ರಾಸ್. ಅದರ ಕೀರ್ತಿಗೆ ಕಾರಣಳಾದವಳು ಒಬ್ಬ ಗೃಹಿಣಿ. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಶಾಲೆಯಲ್ಲಿ ಸೂಕ್ಷ್ಮಜೀವಿಗಳನ್ನು ಜಿಲೆಟಿನ್ನಿನ ಮೇಲೆ ಬೆಳೆಸುತ್ತಿದ್ದರು. ಬೇಸಿಗೆಯಲ್ಲಿ ಅದು ಕರಗುತ್ತಿತ್ತು. ಕೆಲವು ಜೀವಿಗಳು ಅದನ್ನೇ ತಿಂದು ನೀರಾಗಿಸುತ್ತಿದ್ದವು. ಅಲ್ಲಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ ತನ್ನ ಜೆಲ್ಲಿಗಳು ಬಿಸಿಲಿನಲ್ಲಿಯೂ ಕರಗದಿರುವುದು ಅಗರ್‌ನಿಂದ ಎಂದು ತಿಳಿಸಿದಳು. ಜಾವಾ ದ್ವೀಪದಲ್ಲಿದ್ದು ಬಂದ ಪರಿಚಿತರಿಂದ ಅವಳು ಅದನ್ನು ಕಲಿತಿದ್ದಳು. ಅಂದಿನಿಂದ ಲೋಕದ ಪ್ರಯೋಗಶಾಲೆಗಳೆಲ್ಲ ಅಗರ್ ಅನ್ನೇ ಬಳಸುತ್ತಿವೆ. ಅದು ಕರಗಲು ಸುಮಾರು 85 ಡಿಗ್ರಿ ಶಾಖ ಬೇಕು.

ಆದರೆ ಅಗರ್ ಸಮುದ್ರದ ಪಾಚಿಯಿಂದ ಬರುವ ವಸ್ತು. ಪಾಚಿಯನ್ನು ನಮ್ಮ ಆಗಮಗಳು ಅನಂತಜೀವಗಳಿಗೆ ಆಶ್ರಯವಾದ ಸಾಧಾರಣ ವನಸ್ಪತಿಗಳಲ್ಲಿ ಎಣಿಸುತ್ತವೆ. ಆದ್ದರಿಂದ ಗಡ್ಡೆಗೆಣಸುಗಳನ್ನು ತ್ಯಜಿಸಿದ ಮನೆಯವರು ಅಗರ್, ಕ್ಯಾರಗೀನನ್‌ಗಳನ್ನೂ ವಿಚಾರಿಸಿ ಬಿಡುವುದು ಯೋಗ್ಯ. ಆರಾರೂಟು, ಸಾಬೂದಾನಿಗಳೂ ಗಡ್ಡೆಯ ಮೂಲದವೇ.

ಹಾಗಾದರೆ ನಮಗೆ ಉಳಿದದ್ದೇನು? ಜಗಳೂರಿನ ಬಯಲಿನಲ್ಲಿಯೇ ಬೇಕಾದಷ್ಟಿದೆ. ಬೇಲಿಗಳ ಮೇಲೆ ಹಬ್ಬುವ ದಾಗಡಿ ಬಳ್ಳಿಯನ್ನು ಹಿರಿಯರು ಬಲ್ಲರು. ಅದರ ಎಲೆ ಎರಡು ಹಿಡಿಯಷ್ಟನ್ನು ಹುಳುಗಳಿಲ್ಲದಂತೆ ನೋಡಿ ತೊಳೆದು, ಒಂದು ಲೋಟ ಸೋಸಿದ ನೀರಿನಲ್ಲಿ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಹಿಂಡಿ, ಅಲುಗಿಸದೆ ಅರ್ಧ ಗಂಟೆಯಿಟ್ಟರೆ, ಒಲೆಯಿಲ್ಲದೆ ಹಸಿರು ಜೆಲ್ಲಿ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಪುಡಿಮಾಡಿದ ಸಕ್ಕರೆ, ಏಲಕ್ಕಿ ಸೇರಿಸಿ ಬೇಸಿಗೆಯಲ್ಲಿ ಕೊಡುವುದು ವಾಡಿಕೆ. ಬಳ್ಳಿಯನ್ನು ಬಲ್ಲವರೇ ಗುರುತಿಸಿ ತರಬೇಕು. ಆಗಲೇ ಮಾಡಿ ಆಗಲೇ ಮುಗಿಸಬೇಕು. ಚಾತುರ್ಮಾಸದಲ್ಲಿ ಮತ್ತು ಪರ್ವತಿಥಿಗಳಲ್ಲಿ ಹಸಿರೆಲೆ ಬಿಡುವವರು ಇದನ್ನೂ ಬಿಡಬೇಕು.

ಆ ದಿನಗಳಿಗೆ ನಮ್ಮ ಹೊಲಗಳ ಮೆಕ್ಕೆಜೋಳವಿದೆ. ಒಂದು ಬಟ್ಟಲು ಮೆಕ್ಕೆಜೋಳದ ಬಿಳಿ ಹಿಟ್ಟನ್ನು ಎರಡು ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಎರಡು ಬಟ್ಟಲು ಸಕ್ಕರೆಗೆ ಒಂದೂವರೆ ಬಟ್ಟಲು ನೀರಿಟ್ಟು ಕಾಯಿಸಿದ ಪಾಕಕ್ಕೆ ಸುರಿದು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ, ಅರ್ಧ ಬಟ್ಟಲು ತುಪ್ಪವನ್ನು ಚಮಚ ಚಮಚವಾಗಿ ಹಾಕಿದರೆ ಕನ್ನಡಿಯಂತೆ ಹೊಳೆಯುವ, ಅಗಿದರೆ ಎಳೆಯುವ ಹಲ್ವವಾಗುತ್ತದೆ. ಜಿಲೆಟಿನ್ ಮಿಠಾಯಿಗೆ ಹಟಮಾಡುವ ಮಕ್ಕಳಿಗೆ ಇದನ್ನು ಅಚ್ಚಿನಲ್ಲಿ ಹೊಯ್ದು ಕೊಡಿರಿ. ಹಣ್ಣಿನ ಪೆಕ್ಟಿನ್, ಗೋರಿಕಾಯಿ ಬೀಜದ ಅಂಟು, ಹುಣಸೆಬೀಜದ ಅಂಟು ಇವೂ ಆಹಾರದಲ್ಲಿ ಬಳಕೆಯಲ್ಲಿವೆ. ಬಾಣಂತಿಯರಿಗೆ ಅಂಟಿನುಂಡೆ ಕಟ್ಟುವ ನಮ್ಮ ತಾಯಂದಿರಿಗೆ ಮರದ ಗೋಂದಿನ ಪರಿಚಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

೭. ಪರೀಕ್ಷಿಸುವ ಬಗೆ

ಆಹಾರದ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ವೃತ್ತವಿದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೆ ಮೊದಲು ಕಂದು ವೃತ್ತವಿತ್ತು. 2020ರ ನಿಯಮಗಳ ಮೇರೆಗೆ ಈಗ ಕಂದು ಚೌಕದೊಳಗೆ ಕಂದು ತ್ರಿಕೋನ. ವಿದೇಶದಿಂದ ಬಂಧುಗಳು ತಂದ ಮಿಠಾಯಿಯ ಮೇಲೆ ಈ ಗುರುತಿರುವುದಿಲ್ಲ. ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಜಿಲೆಟಿನ್ನಿನ ಸಂಖ್ಯೆ 428, ಹಳೆಯ ಪಟ್ಟಿಗಳಲ್ಲಿ 441. ಪೆಕ್ಟಿನ್ 440, ಗೋರಿಕಾಯಿ ಅಂಟು 412, ಮರದ ಗೋಂದು 414. ಅಗರ್ 406, ಕ್ಯಾರಗೀನನ್ 407. ಜೊತೆಗೆ ಕೀಟದಿಂದ ತೆಗೆದ ಕೆಂಪು ಬಣ್ಣ 120, ಅರಗಿನ ಹೊಳಪು 904 ಇವನ್ನೂ ನೆನಪಿಡಿರಿ.

ಮದುವೆಯ ಊಟದಲ್ಲಿ ಬಡಿಸಿದ ಜೆಲ್ಲಿಯ ಬಗ್ಗೆ ಸಂಶಯವಾದರೆ ಒಂದು ಚೂರನ್ನು ಸ್ನಾನದ ನೀರಿನಷ್ಟು ಬಿಸಿಯಾದ ನೀರಿಗೆ ಹಾಕಿ ನೋಡಬಹುದು. ಜಿಲೆಟಿನ್ನಿನದಾದರೆ ಬೇಗ ಕರಗಿಹೋಗುತ್ತದೆ, ಅಗರ್ ಕರಗುವುದಿಲ್ಲ. ಇದು ಸೂಚನೆಯೇ ಹೊರತು ಪೂರ್ಣ ಪ್ರಮಾಣವಲ್ಲ. ಸಂಶಯ ತೀರದಿದ್ದರೆ ಬಿಡುವುದೇ ಲೇಸು.

೮. ಅಜ್ಜಿಯ ಪ್ರಶ್ನೆಗೆ ಉತ್ತರ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಅಜ್ಜಿಯಲ್ಲಿ ಪ್ರಮಾದವಿತ್ತೇ? ತಾವು ನುಂಗುತ್ತಿದ್ದುದು ಏನೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಯುವ ದಾರಿಯೂ ಸುಲಭವಾಗಿರಲಿಲ್ಲ. ವ್ರತವನ್ನು ಧಿಕ್ಕರಿಸಿ ನಡೆದರೆ ಅದು ಅನಾಚಾರ. ಅರಿಯದೆ ತಗುಲಿದ ಕಲೆಯನ್ನು ಗುರುಗಳ ಮುಂದೆ ಆಲೋಚನೆ, ಪ್ರತಿಕ್ರಮಣಗಳಿಂದ ತೊಳೆಯಬಹುದು. ನಲವತ್ತು ವರ್ಷ ನೀರು ಸೋಸಿದ ಕೈಗಳ ಪುಣ್ಯವು ಒಂದು ಗುಳಿಗೆಯ ಕವಚದಿಂದ ಅಳಿದುಹೋಗುವಂತಹದಲ್ಲ. ಹೀಗೆ ಅವರಿಗೆ ಸಮಾಧಾನ ಹೇಳಬೇಕು.

ಆದರೆ ತಿಳಿದ ಮೇಲೆ ಹೊಣೆ ಬೇರೆಯಾಗುತ್ತದೆ. ನಾಳೆ ಮೊಮ್ಮಗನು ವೈದ್ಯರ ಬಳಿಗೆ ಹೋಗಿ, "ನಮ್ಮ ಅಜ್ಜಿ ವ್ರತಧಾರಿ. ಇದೇ ಔಷಧ ಮಾತ್ರೆಯಾಗಿ, ದ್ರವವಾಗಿ ಅಥವಾ ಸೆಲ್ಯುಲೋಸ್ ಕವಚದಲ್ಲಿ ದೊರೆಯುವುದೇ?" ಎಂದು ವಿನಯದಿಂದ ಕೇಳಬೇಕು. ಅನೇಕ ಔಷಧಗಳಿಗೆ ಬದಲಿ ರೂಪವಿರುತ್ತದೆ. ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸುವುದಾಗಲಿ, ಕವಚವನ್ನು ಒಡೆದು ಒಳಗಿನದನ್ನು ಸೇವಿಸುವುದಾಗಲಿ ಕೂಡದು. ಕೆಲವು ಔಷಧಗಳು ಕವಚವಿಲ್ಲದೆ ಅಪಾಯಕಾರಿ. ಪ್ರಾಣಾಪಾಯದ ಸಮಯದಲ್ಲಿ ಬದಲಿ ದೊರೆಯದಿದ್ದರೆ ಮಾಡಬೇಕಾದುದನ್ನು ಮುನಿಗಳನ್ನೋ ಬಲ್ಲ ವಿದ್ವಾಂಸರನ್ನೋ ಕೇಳಿ ನಿಶ್ಚಯಿಸಬೇಕು. ರೋಗಿಯ ಹಾಸಿಗೆಯ ಬಳಿ ನಿಂತು ಶಾಸ್ತ್ರ ಹೇಳಿ ನೋಯಿಸುವುದೂ ಹಿಂಸೆಯೇ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಸಣ್ಣ ಜಿಂಕೆಗಾಗಿ ಅಭಯಾರಣ್ಯವೆಂದು ಘೋಷಿಸಿದರು. ಕಣ್ಣಿಗೆ ಕಾಣುವ ಪ್ರಾಣಿಗೆ ಅಭಯವೀಯಲು ಕಾಡಿಗೆ ಗಡಿ ಗುರುತಿಸಿದರು. ಕಾಣದ ಪ್ರಾಣಿಗೆ ಅಭಯವೀಯುವ ಗಡಿ ನಮ್ಮ ತುಟಿಯ ಬಳಿಯಲ್ಲಿದೆ. ಈ ಚಾತುರ್ಮಾಸದಿಂದ ಪ್ರತಿ ಮನೆಯಲ್ಲಿ ಒಬ್ಬರಾದರೂ ಪೊಟ್ಟಣದ ಸಣ್ಣಕ್ಷರಗಳನ್ನು ಓದಿ ಉಳಿದವರಿಗೆ ಹೇಳುವ ನಿಯಮವನ್ನು ಸ್ವೀಕರಿಸಲಿ. ಕಣ್ಣು ಮಂಜಾದ ಹಿರಿಯರಿಗೆ ಮಕ್ಕಳು ಮಾಡಬಹುದಾದ ವೈಯಾವೃತ್ಯ ಇದು.

ಮನನಕ್ಕಾಗಿ ಪ್ರಶ್ನೆಗಳು

1. ಸಸ್ಯದಿಂದ ಜಿಲೆಟಿನ್ ದೊರೆಯುವುದಿಲ್ಲವೇಕೆ?
2. ಚರ್ಮದ ಪಾತ್ರೆಯ ತುಪ್ಪವನ್ನು ಆಶಾಧರರು ಏಕೆ ಅತಿಚಾರದಲ್ಲಿ ಸೇರಿಸಿದರು? ಜಿಲೆಟಿನ್ನಿಗೆ ಅದು ಹೇಗೆ ಅನ್ವಯಿಸುತ್ತದೆ?
3. ಅಗರ್ ಸಸ್ಯಮೂಲದ್ದಾದರೂ ವ್ರತಧಾರಿಗಳು ವಿಚಾರಿಸಬೇಕಾದುದೇಕೆ?
4. ಅರಿಯದೆ ನುಂಗಿದುದಕ್ಕೂ ಅರಿತು ನುಂಗುವುದಕ್ಕೂ ಇರುವ ಭೇದವನ್ನು ಮನೆಯ ಹಿರಿಯರೊಡನೆ ಕುಳಿತು ಚರ್ಚಿಸಿರಿ.